ಸುಳ್ಳು ಹೇಳಿದ ಕೆಂಪು ಅಂಕೆ

ಕಂಪ್ಯೂಟರಿನ ಪರದೆಯ ಮೇಲ್ತುದಿಯಲ್ಲಿ ಒಂದು ಪುಟ್ಟ ಕೆಂಪು ಗುರುತು. ಅದರೊಳಗೆ ಬಿಳಿಯ ಬಣ್ಣದಲ್ಲಿ '1' ಎಂಬ ಅಂಕೆ. ಯಾರೋ ಏನನ್ನೋ ಬರೆದು ಕಳುಹಿಸಿದ್ದಾರೆ ಎಂಬುದಕ್ಕೆ ಅದು ಸಂಕೇತ. ದೂರದೇಶದಲ್ಲಿರುವ ಮಗನೋ, ಬಹುದಿನಗಳಿಂದ ಸುದ್ದಿಯಿಲ್ಲದ ಗೆಳತಿಯೋ ಎಂದು ಕಾತರದಿಂದ ಗುಂಡಿಯನ್ನು ಒತ್ತಿದರೆ ಒಳಗೆ ಹೊಸದೇನೂ ಇಲ್ಲ. ನಿನ್ನೆಯೇ ಓದಿ ಮುಗಿಸಿದ ಹಳೆಯ ಸಂದೇಶ. ಕೆಂಪು ಗುರುತು ನಾಚಿಕೊಂಡಂತೆ ಮರೆಯಾಗುತ್ತದೆ. ಕೆಲವು ನಿಮಿಷ ಕಳೆಯುವಷ್ಟರಲ್ಲಿ ಮತ್ತೆ ಹಾಜರು!

2014ಕ್ಕೆ ಹಿಂದಿನ ವರ್ಷಗಳಲ್ಲಿ ಫೇಸ್‌ಬುಕ್ ಬಳಸುತ್ತಿದ್ದವರಿಗೆ ಈ ಅನುಭವ ಅಪರಿಚಿತವಾಗಿರಲಿಲ್ಲ. ಇದರಿಂದ ಯಾರ ಮನೆಯೂ ಮುಳುಗಲಿಲ್ಲ, ನಿಜ. ಆದರೆ ಅಂಚೆಯವನು ದಿನಕ್ಕೆರಡು ಬಾರಿ ಬಾಗಿಲು ತಟ್ಟಿ, "ನಿಮಗೆ ಪತ್ರವಿಲ್ಲ" ಎಂದು ಹೇಳಿಹೋಗುವ ಅಭ್ಯಾಸ ಮಾಡಿಕೊಂಡರೆ ಮೂರನೆಯ ದಿನ ಎದ್ದು ಬಾಗಿಲು ತೆರೆಯುವವರಾರು? ನಿಜವಾಗಿ ಪತ್ರ ಬಂದ ದಿನವೂ ಬಾಗಿಲು ಮುಚ್ಚಿಯೇ ಇರುತ್ತದೆ.

ಆ ಸಂಸ್ಥೆಯ ಎಂಜಿನಿಯರುಗಳು ಸುಮ್ಮನೆ ಕುಳಿತಿದ್ದರೆಂದಲ್ಲ. ದೂರು ಬಂದಾಗಲೆಲ್ಲ ದೋಷವನ್ನು ಹುಡುಕಿ ಸರಿಪಡಿಸುತ್ತಿದ್ದರು. ಸ್ವಲ್ಪ ಕಾಲ ಎಲ್ಲವೂ ನೆಟ್ಟಗಿರುತ್ತಿತ್ತು. ಮತ್ತೆ ಅದೇ ದೂರು, ಮತ್ತೆ ರಿಪೇರಿ. ಜಗತ್ತಿನ ಅತಿ ಜಾಣ ತರುಣರನ್ನು ಆರಿಸಿ ಕೆಲಸಕ್ಕೆ ಇಟ್ಟುಕೊಂಡಿದ್ದ ಸಂಸ್ಥೆಯೊಂದು ಒಂದು ಅಂಕೆಯನ್ನು ಸರಿಯಾಗಿ ತೋರಿಸಲಾರದೆ ತಿಣುಕಾಡಿತೆಂದರೆ ಕಾರಣ ಯಾರೋ ಒಬ್ಬರ ಅಜಾಗರೂಕತೆಯಾಗಿರಲು ಸಾಧ್ಯವಿಲ್ಲ. ತೊಡಕು ಮನೆ ಕಟ್ಟಿದ ರೀತಿಯಲ್ಲಿಯೇ ಇತ್ತು.

ಹಾಲಿನ ಲೆಕ್ಕ

ಮನೆಯಲ್ಲಿ ಹಾಲಿನ ಲೆಕ್ಕ ಇಡುವ ಪರಿಪಾಟವನ್ನು ವಾಚಕರು ನೆನಪಿಗೆ ತಂದುಕೊಳ್ಳಬಹುದು. ಗೃಹಿಣಿ ಅಡಿಗೆಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ಗುರುತು ಹಾಕುತ್ತಾಳೆ. ಹಾಲಿನವನು ತನ್ನ ಮುದುಡಿದ ಚಿಕ್ಕ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಯಜಮಾನರದು ಖರ್ಚಿನ ಡೈರಿ. ನೆಂಟರು ಬಂದ ದಿನ ಅರ್ಧ ಲೀಟರು ಹೆಚ್ಚಾಗಿ ತೆಗೆದುಕೊಂಡದ್ದು ಪುಸ್ತಕಕ್ಕೆ ಬಿತ್ತು, ಡೈರಿಗೆ ಬೀಳಲಿಲ್ಲ. ಊರಿಗೆ ಹೋಗಿದ್ದ ಎರಡು ದಿನ ಕ್ಯಾಲೆಂಡರಿನಲ್ಲಿ ಖಾಲಿ, ಪುಸ್ತಕದಲ್ಲಿ ಖಾಲಿಯಲ್ಲ. ತಿಂಗಳ ಕೊನೆಯಲ್ಲಿ ಮೂರು ಲೆಕ್ಕಗಳು ಮೂರು ಮೊತ್ತಗಳನ್ನು ಹೇಳುತ್ತವೆ. ಯಾರೂ ಸುಳ್ಳು ಬರೆದವರಲ್ಲ. ಒಂದೇ ಸಂಗತಿಯನ್ನು ಮೂರು ಕಡೆ ಬರೆದದ್ದೇ ತಪ್ಪು.

ವೆಬ್ ಪುಟವೊಂದರಲ್ಲಿ ಇಂಥ ಲೆಕ್ಕವೆಲ್ಲಿಂದ ಬಂತು? ಮೊದಮೊದಲು ಬರಲಿಲ್ಲ. 1990ರ ದಶಕದಲ್ಲಿ ವೆಬ್ ಪುಟವೆಂದರೆ ಬಹುಮಟ್ಟಿಗೆ ಅಚ್ಚಾದ ಹಾಳೆಯಂತೆಯೇ. ಕೊಂಡಿಯೊಂದನ್ನು ಒತ್ತಿದರೆ ದೂರದ ಸರ್ವರಿನಿಂದ ಇನ್ನೊಂದು ಹೊಸ ಹಾಳೆ ಬರುತ್ತಿತ್ತು, ಹಳೆಯದನ್ನು ಬಿಸುಟರಾಯಿತು. ಬಿಸುಡುವ ಹಾಳೆಗೆ ನೆನಪಿನ ಗೊಡವೆಯೇನು? 2004ರಲ್ಲಿ ಜಿಮೇಲ್, ಮರುವರ್ಷ ಗೂಗಲ್ ಮ್ಯಾಪ್ಸ್ ಬಂದ ಮೇಲೆ ಕಾಲ ಬದಲಾಯಿತು. ಪುಟವು ಬದಲಾಗದೆ ಕಣ್ಣೆದುರಿಗೇ ನಿಂತಿದ್ದು, ಬೇಕಾದ ಭಾಗವನ್ನು ಮಾತ್ರ ತಾನೇ ತಿದ್ದಿಕೊಳ್ಳುವ ವಿದ್ಯೆಯನ್ನು ಕಲಿಯಿತು. ಹೀಗೆ ಗಂಟೆಗಟ್ಟಲೆ ನಿಂತಿರುವ ಪುಟ ಎಷ್ಟೋ ಸಂಗತಿಗಳನ್ನು ನೆನಪಿಟ್ಟುಕೊಳ್ಳಬೇಕಾಯಿತು. ಯಾವ ಪತ್ರ ತೆರೆದಿದೆ, ಯಾವುದನ್ನು ಓದಿಲ್ಲ, ಬುಟ್ಟಿಯಲ್ಲಿ ಯಾವ ಸಾಮಾನಿದೆ, ಕೆಳಗಿನ ಪೆಟ್ಟಿಗೆಯಲ್ಲಿ ಅರ್ಧಕ್ಕೆ ನಿಂತಿರುವ ವಾಕ್ಯ ಯಾವುದು—ಈ ನೆನಪುಗಳ ಒಟ್ಟು ಮೊತ್ತಕ್ಕೆ ಪ್ರೋಗ್ರಾಮರುಗಳು 'ಸ್ಟೇಟ್' ಎನ್ನುತ್ತಾರೆ. ಕನ್ನಡದಲ್ಲಿ 'ಸ್ಥಿತಿ' ಎಂದರೆ ಸಾಕು. ಪುಟದ ಒಂದೊಂದು ಭಾಗವನ್ನು, ಅಂದರೆ ಗುಂಡಿ, ಪಟ್ಟಿ, ಪೆಟ್ಟಿಗೆ ಮುಂತಾದವನ್ನು, ಅವರು 'ಕಾಂಪೊನೆಂಟ್' ಎಂದು ಕರೆಯುವರು. ಇಲ್ಲಿ ಅದನ್ನು 'ಘಟಕ' ಎನ್ನೋಣ.

ಫೇಸ್‌ಬುಕ್ಕಿನ ಪುಟದಲ್ಲಿ ಸಂದೇಶಗಳಿಗೆ ಸಂಬಂಧಿಸಿದ ಘಟಕಗಳು ಮೂರಿದ್ದವು. ಮೇಲ್ತುದಿಯ ಕೆಂಪು ಅಂಕೆ ಒಂದು; ಮೂಲೆಯಲ್ಲಿ ತೆರೆದುಕೊಳ್ಳುವ ಮಾತುಕತೆಯ ಕಿಟಕಿ ಇನ್ನೊಂದು; ಎಲ್ಲ ಸಂದೇಶಗಳ ಪೂರ್ಣಪುಟ ಮತ್ತೊಂದು. ಹೊಸ ಸಂದೇಶ ಬಂದಾಗ ಕೆಂಪು ಅಂಕೆ ಒಂದು ಹೆಚ್ಚಬೇಕು. ಕಿಟಕಿ ಆಗಲೇ ತೆರೆದಿದ್ದರೆ ಹೆಚ್ಚಕೂಡದು. ಕಿಟಕಿ ತೆರೆದಿದ್ದರೂ ಓದುವವರ ಗಮನ ಬೇರೆಡೆ ಇದ್ದರೆ? ಆಗ ಹೆಚ್ಚಬೇಕು. ಪ್ರತಿಯೊಂದು ಘಟಕವೂ ತನಗೆ ತೋರಿದಂತೆ ಕೂಡಿಸಿ ಕಳೆದು, ಅಕ್ಕಪಕ್ಕದವರಿಗೆ ಸುದ್ದಿ ಮುಟ್ಟಿಸಬೇಕು. ಒಂದು ಸುದ್ದಿ ತಪ್ಪಿಹೋದರೂ, ಎರಡು ಸುದ್ದಿಗಳು ಹಿಂದುಮುಂದಾದರೂ ಲೆಕ್ಕ ಕೆಟ್ಟಿತು. ಹಾಲಿನ ಲೆಕ್ಕವೇ ಸರಿ. ಆದರೆ ಇಲ್ಲಿ ತಿಂಗಳ ಕೊನೆಯೆಂಬುದಿಲ್ಲ, ಕ್ಷಣಕ್ಷಣವೂ ತಾಳೆ ನೋಡಬೇಕು.

2014ರ ಏಪ್ರಿಲ್ ತಿಂಗಳಲ್ಲಿ ಫೇಸ್‌ಬುಕ್ಕಿನ ಸಮ್ಮೇಳನವೊಂದರಲ್ಲಿ ಆ ಸಂಸ್ಥೆಯ ಎಂಜಿನಿಯರ್ ಜಿಂಗ್ ಚೆನ್ ಈ ಕೆಂಪು ಅಂಕೆಯ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ತಮ್ಮ ಮನೆಯ ಒಡಕನ್ನು ಬೀದಿಯಲ್ಲಿ ನಿಂತು ಹೇಳುವ ಧೈರ್ಯ ದೊಡ್ಡ ಸಂಸ್ಥೆಗಳಿಗೆ ಸುಲಭವಾಗಿ ಬರುವಂಥದಲ್ಲ. ಅಂದು ಆ ಸಭೆಯಲ್ಲಿ ಸೂಚಿಸಿದ ಪರಿಹಾರಕ್ಕಿಂತಲೂ ಆಡಿದ ಆ ನೇರವಾದ ಮಾತೇ ಹೆಚ್ಚು ಉಪಕಾರ ಮಾಡಿತೆಂದರೆ ಅತಿಶಯೋಕ್ತಿಯಾಗದು. ಜಗತ್ತಿನ ಮೂಲೆಮೂಲೆಯ ಪ್ರೋಗ್ರಾಮರುಗಳು, 'ಹಾಗಾದರೆ ಈ ರೋಗ ನಮಗೊಬ್ಬರಿಗೇ ಬಂದದ್ದಲ್ಲ!' ಎಂದು ನಿಟ್ಟುಸಿರುಬಿಟ್ಟರು.

ಒಮ್ಮುಖದ ದಾರಿ

ರೋಗ ಹೊಸದಾದರೂ ಅದಕ್ಕೆ ಮದ್ದು ಹುಡುಕಿದವರು ಹಿಂದೆಯೂ ಇದ್ದರು. ನಾರ್ವೆ ದೇಶದ ಟ್ರಿಗ್ವೆ ರೀನ್‌ಸ್ಕಾಗ್ ಎಂಬ ವಿದ್ವಾಂಸರು 1979ರಷ್ಟು ಹಿಂದೆಯೇ, ಅಮೆರಿಕದ ಜೆರಾಕ್ಸ್ ಸಂಸ್ಥೆಯ ಪ್ರಯೋಗಾಲಯದಲ್ಲಿದ್ದಾಗ, ಸಂಗತಿಯನ್ನು ಇಟ್ಟುಕೊಳ್ಳುವ ಭಾಗ ಬೇರೆ, ಅದನ್ನು ತೋರಿಸುವ ಭಾಗ ಬೇರೆ ಇರಬೇಕೆಂದು ವಿಧಿಸಿದ್ದರು. 2010ರಲ್ಲಿ ಗೂಗಲ್ಲಿನಿಂದ ಹೊರಬಂದ ಆಂಗ್ಯುಲರ್ ಜೆಎಸ್ ಎಂಬ ಸಾಧನವು ಇವೆರಡರ ನಡುವೆ ಇಮ್ಮುಖದ ಕೊಂಡಿ ಹಾಕಿತು. ಪರದೆಯ ಮೇಲೆ ತಿದ್ದಿದರೆ ಸಂಗತಿ ಬದಲಾಗುತ್ತಿತ್ತು, ಸಂಗತಿ ಬದಲಾದರೆ ಪರದೆ ಬದಲಾಗುತ್ತಿತ್ತು. ನೋಡುವವರಿಗೆ ಅದು ಇಂದ್ರಜಾಲದಂತೆಯೇ ಇತ್ತು. ಘಟಕಗಳು ಹತ್ತಿದ್ದಾಗ ಸೊಗಸು. ನೂರಾದಾಗ ಯಾವ ಎಳೆಯನ್ನು ಯಾರು ಎಳೆದರೆಂಬುದೇ ತಿಳಿಯದ ಗೋಜಲು.

ಫೇಸ್‌ಬುಕ್ಕಿನ ಜೋರ್ಡನ್ ವಾಕ್ ಎಂಬ ಎಂಜಿನಿಯರ್ 2011ರ ಸುಮಾರಿಗೆ ಬೇರೆಯೇ ದಿಕ್ಕಿನಿಂದ ಯೋಚಿಸಿದರು. ಸ್ಥಿತಿ ಬದಲಾದಾಗ ಪರದೆಯ ಯಾವ ಭಾಗವನ್ನು ಹೇಗೆ ತಿದ್ದಬೇಕೆಂದು ಪ್ರೋಗ್ರಾಮರು ಏಕೆ ತಲೆಕೆಡಿಸಿಕೊಳ್ಳಬೇಕು? ಸ್ಥಿತಿ ಹೀಗಿದ್ದರೆ ಪರದೆ ಹೀಗಿರಬೇಕು ಎಂದಷ್ಟೇ ಹೇಳಿದರೆ ಸಾಲದೆ? ಪ್ರತಿಸಲವೂ ಇಡೀ ಪರದೆಯನ್ನು ಹೊಸದಾಗಿ ಬರೆದಂತೆ ಲೆಕ್ಕ ಹಾಕಿ, ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಯಂತ್ರ ತಾನೇ ತಿದ್ದಿಕೊಳ್ಳಲಿ. ಕೃಷ್ಣಪಕ್ಷದ ಹಲಗೆಯನ್ನು ಒರಸಿ ಶುಕ್ಲಪಕ್ಷದ ಹಲಗೆ ಬರೆಯುವ ಹಾಗೆ ಪ್ರತಿಸಲ ಪೂರ್ತಿ ಬರೆದರೆ ಹಳೆಯ ಅಕ್ಷರದ ಕಲೆ ಉಳಿಯುವ ಭಯವಿಲ್ಲ. ಇದಕ್ಕೆ 'ರಿಯಾಕ್ಟ್' ಎಂದು ಹೆಸರಾಯಿತು. 2013ರ ಮೇ ತಿಂಗಳಲ್ಲಿ ಅದನ್ನು ಸರ್ವರ ಉಪಯೋಗಕ್ಕೆ ಬಿಟ್ಟುಕೊಟ್ಟಾಗ ಹಲವರು ಮೂಗು ಮುರಿದರು. ಪುಟದ ರೂಪವನ್ನೂ ಅದರ ತರ್ಕವನ್ನೂ ಒಂದೇ ಕಡತದಲ್ಲಿ ಬೆರಸುವುದು ಅಂದಿನ ಶಿಷ್ಟಾಚಾರಕ್ಕೆ ವಿರುದ್ಧವಾಗಿತ್ತು. ಆ ಮೂಗು ಮುರಿದವರಲ್ಲಿ ಅನೇಕರು ಮುಂದೆ ಅದನ್ನೇ ಬಳಸಿ ಅನ್ನ ಸಂಪಾದಿಸಿದರೆಂಬುದು ಬೇರೆ ಮಾತು.

ರಿಯಾಕ್ಟಿನ ಬೆನ್ನಲ್ಲಿ 'ಫ್ಲಕ್ಸ್' ಎಂಬ ಕ್ರಮ ಬಂತು. ಜಿಂಗ್ ಚೆನ್ ಆ ದಿನ ವಿವರಿಸಿದ್ದು ಇದನ್ನೇ. ಘಟಕಗಳು ಪರಸ್ಪರ ಪಿಸುಮಾತಾಡಕೂಡದು. ಏನು ನಡೆದರೂ, 'ಸಂದೇಶ ಬಂತು', 'ಸಂದೇಶ ಓದಲಾಯಿತು' ಎಂದು ಒಂದು ಕಡೆ ವರದಿ ಒಪ್ಪಿಸಬೇಕು. ಅಲ್ಲಿ ಲೆಕ್ಕ ತಿದ್ದಲ್ಪಟ್ಟು, ಹೊಸ ಲೆಕ್ಕ ಎಲ್ಲ ಘಟಕಗಳಿಗೂ ಇಳಿದುಬರುತ್ತದೆ. ನೀರು ಮೇಲಿನ ಕೆರೆಯಿಂದ ಗದ್ದೆಗೆ ಹರಿದಂತೆ ದಾರಿ ಒಂದೇ ಮುಖ. ಕೆಂಪು ಅಂಕೆಗೆ ಈಗ ಸ್ವಂತದ ಎಣಿಕೆಯೇ ಇಲ್ಲ. ಓದದ ಸಂದೇಶಗಳು ಎಷ್ಟಿವೆಯೆಂದು ಮೂಲ ಪಟ್ಟಿಯನ್ನು ನೋಡಿ ಹೇಳುವುದಷ್ಟೇ ಅದರ ಕೆಲಸ.

ಕೊತ್ತಂಬರಿಗೂ ರಿಜಿಸ್ಟ್ರಾರ್ ಮೊಹರು

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮದ್ದು ಹಿತವೆಂದು ಕಂಡಮೇಲೆ ಊಟಕ್ಕೂ ಅದನ್ನೇ ಬಡಿಸುವ ಉತ್ಸಾಹ ಮನುಷ್ಯಸ್ವಭಾವ.

2015ರ ಜುಲೈಯಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ರಿಯಾಕ್ಟ್ ಸಮ್ಮೇಳನದಲ್ಲಿ ಡಾನ್ ಅಬ್ರಮೋವ್ ಎಂಬ ರಷ್ಯದ ತರುಣ ಒಂದು ಚಮತ್ಕಾರವನ್ನು ತೋರಿಸಿದ. ಪುಟದಲ್ಲಿ ನಡೆದುಹೋದ ಘಟನೆಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸಿ, ಹತ್ತು ಹೆಜ್ಜೆ ಹಿಂದೆ ಪುಟ ಹೇಗಿತ್ತೋ ಹಾಗೆಯೇ ನಿಲ್ಲಿಸಿ, ಮತ್ತೆ ಮುಂದಕ್ಕೆ ನಡೆಸಿದ. ಕಾಲಯಂತ್ರವೆಂದೇ ಅದಕ್ಕೆ ಹೆಸರು. ಈ ಪ್ರದರ್ಶನಕ್ಕಾಗಿಯೇ ಹುಟ್ಟಿದ 'ರಿಡಕ್ಸ್' ಎಂಬ ಸಾಧನವನ್ನು ಅವನೂ ಆಂಡ್ರ್ಯೂ ಕ್ಲಾರ್ಕ್ ಎಂಬ ಇನ್ನೊಬ್ಬನೂ ಸೇರಿ ಸಿದ್ಧಪಡಿಸಿದ್ದರು. ಅದರ ನಿಯಮಗಳು ಕಟ್ಟುನಿಟ್ಟು: ಇಡೀ ಪುಟದ ಸ್ಥಿತಿಗೆಲ್ಲ ಒಂದೇ ಉಗ್ರಾಣ, ಅದರಲ್ಲಿರುವುದನ್ನು ನೇರವಾಗಿ ಯಾರೂ ಮುಟ್ಟಕೂಡದು, ಬದಲಾವಣೆ ಬೇಕಾದರೆ ಅರ್ಜಿ ಬರೆಯಬೇಕು, ಅರ್ಜಿಯನ್ನೂ ಹಳೆಯ ಸ್ಥಿತಿಯನ್ನೂ ನೋಡಿ ಹೊಸ ಸ್ಥಿತಿಯನ್ನು ಕೊಡುವುದು ಒಂದು ಶುದ್ಧ ಗಣಿತಸೂತ್ರ. ಇಂಥ ಶಿಸ್ತಿದ್ದುದರಿಂದಲೇ ಹಿಂದಕ್ಕೆ ನಡೆಯುವುದು ಸಾಧ್ಯವಾಯಿತು.

ಸಭಿಕರು ಮರುಳಾದರು. ಒಂದೆರಡು ವರ್ಷಗಳಲ್ಲಿ ರಿಡಕ್ಸ್ ಇಲ್ಲದ ರಿಯಾಕ್ಟ್ ಪುಟ ತಾಳಿಯಿಲ್ಲದ ಮದುವೆಯಂತೆ ಎಂಬ ಭಾವನೆ ಹರಡಿತು. ಪರಿಣಾಮವನ್ನು ಊಹಿಸಬಹುದು. ಪುಟದ ಮೂಲೆಯಲ್ಲಿ ಒಂದು ಪೆಟ್ಟಿಗೆ ಮುಚ್ಚಿದೆಯೋ ತೆರೆದಿದೆಯೋ ಎಂಬಷ್ಟು ಸಣ್ಣ ಸಂಗತಿ. ಅದು ಆ ಪೆಟ್ಟಿಗೆಗೆ ಬಿಟ್ಟರೆ ಮತ್ತಾರಿಗೂ ಬೇಡ. ಅದಕ್ಕೂ ಒಂದು ಕಡತದಲ್ಲಿ ಅರ್ಜಿಯ ಹೆಸರು, ಇನ್ನೊಂದರಲ್ಲಿ ಅರ್ಜಿಯ ನಮೂನೆ, ಮತ್ತೊಂದರಲ್ಲಿ ತೀರ್ಮಾನದ ಸೂತ್ರ, ನಾಲ್ಕನೆಯದರಲ್ಲಿ ಇವನ್ನೆಲ್ಲ ಜೋಡಿಸುವ ತಂತಿ. ಮನೆಯ ಕ್ರಯಪತ್ರಕ್ಕೆ ರಿಜಿಸ್ಟ್ರಾರರ ಮೊಹರು ಬೇಕು, ಸರಿ. ಸಂತೆಯಲ್ಲಿ ಕೊತ್ತಂಬರಿಸೊಪ್ಪು ಕೊಳ್ಳುವುದಕ್ಕೂ ಬೇಕೆಂದರೆ?

ಹೊಸದಾಗಿ ಕೆಲಸಕ್ಕೆ ಸೇರಿದ ತರುಣರ ಪಾಡು ವಿಶೇಷವಾಗಿ ಕಷ್ಟದ್ದಾಯಿತು. ಒಂದು ಗುಂಡಿಯ ಬಣ್ಣ ಬದಲಾಯಿಸಲು ಆರು ಕಡತ ತೆರೆದು ನೋಡಿ, ತಮ್ಮ ಬುದ್ಧಿಯೇ ಮಂದವೆಂದು ಭಾವಿಸಿ ಕೊರಗಿದವರು ಎಷ್ಟೋ. ಬುದ್ಧಿ ಮಂದವಾಗಿರಲಿಲ್ಲ, ದಾರಿ ಸುತ್ತಾಗಿತ್ತು.

ಇದನ್ನು ಮೊದಲು ಎತ್ತಿ ಆಡಿದವರಲ್ಲಿ ಅಬ್ರಮೋವನೇ ಒಬ್ಬನೆಂಬುದು ಈ ಕಥೆಯ ಸ್ವಾರಸ್ಯ. 2016ರ ಸೆಪ್ಟೆಂಬರಿನಲ್ಲಿ ಅವನು ಬರೆದ ಲೇಖನದ ಶೀರ್ಷಿಕೆಯ ತಾತ್ಪರ್ಯ, ನಿಮಗೆ ರಿಡಕ್ಸ್ ಬೇಡವಾಗಿರಬಹುದು ಎಂದು. ತಾನು ತಯಾರಿಸಿದ ಮದ್ದನ್ನು ಕೊಳ್ಳುವ ಮುನ್ನ ಎರಡು ಬಾರಿ ಯೋಚಿಸಿ ಎನ್ನುವ ವೈದ್ಯ ಅಪರೂಪ. ರಿಡಕ್ಸನ್ನು ನೋಡಿಕೊಳ್ಳುತ್ತಿದ್ದವರು 2019ರಲ್ಲಿ 'ರಿಡಕ್ಸ್ ಟೂಲ್‌ಕಿಟ್' ಎಂಬ ಸರಳವಾದ ರೂಪವನ್ನು ಹೊರತಂದು, ನಾಲ್ಕು ಕಡತಗಳ ಕೆಲಸವನ್ನು ಒಂದರಲ್ಲಿ ಮುಗಿಯುವಂತೆ ಮಾಡಿದರು.

ಯಾರ ವಸ್ತು ಯಾರಲ್ಲಿ

ಇಷ್ಟರಲ್ಲಿ ರಿಯಾಕ್ಟಿನೊಳಗೇ ಇನ್ನೊಂದು ಬದಲಾವಣೆ ನಡೆಯಿತು. 2018ರ ಅಕ್ಟೋಬರಿನಲ್ಲಿ ಪ್ರಕಟವಾಗಿ, 2019ರ ಫೆಬ್ರವರಿಯಲ್ಲಿ 16.8ನೆಯ ಆವೃತ್ತಿಯೊಂದಿಗೆ ಬಳಕೆಗೆ ಬಂದ 'ಹುಕ್ಸ್' ಎಂಬ ವ್ಯವಸ್ಥೆಯಿಂದ, ಘಟಕವೊಂದು ತನಗೆ ಬೇಕಾದ ಚಿಕ್ಕ ನೆನಪನ್ನು ಒಂದೇ ಸಾಲಿನಲ್ಲಿ ತನ್ನೊಳಗೆ ಇಟ್ಟುಕೊಳ್ಳುವಂತಾಯಿತು. 'ಯೂಸ್‌ಸ್ಟೇಟ್' ಎಂದು ಬರೆದು ಮೊದಲ ಬೆಲೆಯನ್ನು ಹೇಳಿದರಾಯಿತು. ಪೆಟ್ಟಿಗೆಯ ಗುಟ್ಟು ಪೆಟ್ಟಿಗೆಯಲ್ಲಿಯೇ ಉಳಿಯಿತು. ಉಗ್ರಾಣದ ಬೀಗ ತೆರೆಯಬೇಕಾಗಲಿಲ್ಲ.

ಒಂದೇ ಸಂಗತಿ ಇಬ್ಬರು ಒಡಹುಟ್ಟಿದ ಘಟಕಗಳಿಗೆ ಬೇಕಾದರೆ? ಅಣ್ಣನ ಬಳಿ ಒಂದು, ತಮ್ಮನ ಬಳಿ ಒಂದು ಪ್ರತಿ ಬೇಡ. ಅವರಿಬ್ಬರಿಗೂ ಹತ್ತಿರದ ಹಿರಿಯ ಘಟಕದ ಬಳಿ ಇರಲಿ. ಅಲ್ಲಿಂದ ಇಬ್ಬರಿಗೂ ಇಳಿದುಬರಲಿ. ಮನೆಯ ಬೀಗದಕೈ ತಾಯಿಯ ಸೆರಗಿನಲ್ಲಿದ್ದರೆ ಮಕ್ಕಳು ಕಾದಾಡುವುದಿಲ್ಲ. ಹಾಗೆಂದು ಅಣ್ಣತಮ್ಮಂದಿರ ಬುಗುರಿಯನ್ನು ಊರ ಪಟೇಲರ ಸುಪರ್ದಿಗೆ ಕೊಡಬೇಕಾಗಿಲ್ಲ. ಈ ಸಾಮಾನ್ಯವಾದ ವಿವೇಕವೇ ಇಂದು ರಿಯಾಕ್ಟ್ ಕಲಿಯುವವರಿಗೆ ಹೇಳಿಕೊಡುವ ಆರಂಭದ ಪಾಠಗಳಲ್ಲೊಂದು.

ಆದರೆ ಹಳೆಯ ರೋಗ ಬೇರೆ ವೇಷದಲ್ಲಿ ಮರಳಿಬಂದಿತು. ಅಂಗಡಿಯ ಪುಟವೊಂದನ್ನು ತೆಗೆದುಕೊಳ್ಳಿ. ಬುಟ್ಟಿಯಲ್ಲಿ ಒಂದು ಸಾವಿರ ರೂಪಾಯಿಯ ಸೀರೆ, ಇನ್ನೂರು ರೂಪಾಯಿಯ ಎರಡು ಪುಸ್ತಕಗಳು. ಮೊತ್ತ 1,400. ಅನನುಭವಿಯಾದ ಪ್ರೋಗ್ರಾಮರು ಬುಟ್ಟಿಯನ್ನು ಒಂದು ನೆನಪಾಗಿಯೂ ಮೊತ್ತವನ್ನು ಇನ್ನೊಂದು ನೆನಪಾಗಿಯೂ ಇಡುತ್ತಾನೆ. ಬುಟ್ಟಿ ಬದಲಾದಾಗಲೆಲ್ಲ ಮೊತ್ತವನ್ನೂ ತಿದ್ದು ಎಂದು ಒಬ್ಬ ಕಾವಲುಗಾರನನ್ನು ನೇಮಿಸುತ್ತಾನೆ; 'ಯೂಸ್‌ಎಫೆಕ್ಟ್' ಎಂಬುದು ಈ ಕಾವಲಿಗೆ ಸುಲಭವಾಗಿ ಸಿಗುವ ಆಳು. ಅವನು ಕೆಲಸ ಮಾಡುತ್ತಾನೆ, ಒಂದು ಹೆಜ್ಜೆ ತಡವಾಗಿ. ಪುಸ್ತಕವೊಂದನ್ನು ತೆಗೆದ ಮೇಲೂ ಪರದೆ ಒಂದು ಗಳಿಗೆ 1,400 ಎನ್ನುತ್ತದೆ, ಆಮೇಲೆ 1,200 ಆಗುತ್ತದೆ. ನಾಳೆ ಇನ್ನೊಬ್ಬ ಪ್ರೋಗ್ರಾಮರು ರಿಯಾಯಿತಿಯ ಲೆಕ್ಕ ಸೇರಿಸುವಾಗ ಕಾವಲುಗಾರನಿಗೆ ಹೇಳುವುದನ್ನು ಮರೆತರೆ ಮೊತ್ತ ತಪ್ಪಾಗಿಯೇ ನಿಲ್ಲುತ್ತದೆ. ಕೊಳ್ಳುವವರ ಜೇಬಿಗೆ ಅದು ತಟ್ಟುತ್ತದೆ.

ಇದಕ್ಕೆ ಉಪಾಯ ನಗು ಬರುವಷ್ಟು ಸರಳ. ಮೊತ್ತವನ್ನು ನೆನಪಿಡುವುದೇ ಬೇಡ. ಬುಟ್ಟಿ ಕಣ್ಣೆದುರಿಗಿದೆ, ಬೇಕಾದಾಗ ಕೂಡಿಸಿದರಾಯಿತು. ಕಂಪ್ಯೂಟರಿಗೆ ಕೂಡುವುದಕ್ಕೆ ಸೋಮಾರಿತನವೇನೂ ಇಲ್ಲ. ಒಂದು ಸಂಗತಿಯಿಂದ ಇನ್ನೊಂದನ್ನು ಲೆಕ್ಕ ಹಾಕಿ ತಿಳಿಯಬಹುದಾದರೆ ಎರಡನೆಯದು ಸ್ಥಿತಿಯಲ್ಲ, ಅದರ ನೆರಳು. ನೆರಳನ್ನು ಪೆಟ್ಟಿಗೆಯಲ್ಲಿ ಇಡಲು ಹೊರಟವರಿಗೆ ಬೆಳಕು ಸರಿದಂತೆಲ್ಲ ಪರದಾಟ. 2023ರ ಮಾರ್ಚಿಯಲ್ಲಿ ಹೊರಬಂದ ರಿಯಾಕ್ಟಿನ ಹೊಸ ಕೈಪಿಡಿ, ಈ ಕಾವಲುಗಾರ ಎಲ್ಲೆಲ್ಲಿ ಬೇಡವೆಂಬುದನ್ನು ವಿವರಿಸುವುದಕ್ಕೇ ಒಂದು ದೀರ್ಘವಾದ ಅಧ್ಯಾಯವನ್ನು ಮೀಸಲಿಟ್ಟಿದೆ.

ಹದಿನಾರು ಮುಖಗಳು

ಒಬ್ಬ ಗೃಹಸ್ಥ ಪರದೆಯ ಮುಂದೆ ಕುಳಿತು ಮಗಳ ಕಾಲೇಜಿನ ಫೀಜನ್ನು ಕಟ್ಟುತ್ತಿದ್ದಾನೆ ಎಂದುಕೊಳ್ಳಿ. ಅದೇ ಕೊನೆಯ ದಿನ. ಗುಂಡಿ ಒತ್ತಿದ, 'ಹಣ ಸಂದಾಯವಾಗುತ್ತಿದೆ' ಎಂಬ ಮಾತು ಬಂತು. ಅದರ ಕೆಳಗೇ 'ದೋಷ ಉಂಟಾಗಿದೆ, ಮತ್ತೆ ಪ್ರಯತ್ನಿಸಿ' ಎಂದೂ ಇದೆ. ಎರಡರಲ್ಲಿ ಯಾವುದು ನಿಜ? ಮತ್ತೆ ಒತ್ತಿದರೆ ಎರಡು ಸಲ ಹಣ ಹೋಗಬಹುದು. ಒತ್ತದಿದ್ದರೆ ಸೀಟು ಹೋಗಬಹುದು. ಆ ನಡುಗುವ ಬೆರಳಿನ ಸಂಕಟ ಪ್ರೋಗ್ರಾಮರಿಗೆ ಕಾಣಿಸದು.

ಇದು ಹೇಗಾಯಿತು? ಪ್ರೋಗ್ರಾಮರು ನಾಲ್ಕು ಬಾವುಟಗಳನ್ನು ನೆಟ್ಟಿದ್ದಾನೆ: ತುಂಬುತ್ತಿದೆಯೆ, ಸಾಗುತ್ತಿದೆಯೆ, ಮುಗಿಯಿತೆ, ಕೆಟ್ಟಿತೆ? ಒಂದೊಂದಕ್ಕೂ ಹೌದು ಇಲ್ಲವೆಂದು ಎರಡು ಉತ್ತರ. ಎರಡನ್ನು ನಾಲ್ಕು ಬಾರಿ ಗುಣಿಸಿದರೆ ಹದಿನಾರು ಬಗೆ. ಇವುಗಳಲ್ಲಿ ಅರ್ಥವುಳ್ಳವು ನಾಲ್ಕೇ. ಉಳಿದ ಹನ್ನೆರಡು, ಮುಗಿದೂ ಇದೆ ಕೆಟ್ಟೂ ಇದೆ ಎಂಬಂಥ ಅಸಂಬದ್ಧ ಮುಖಗಳು. ಅವು ಕತ್ತಲೆಯಲ್ಲಿ ಹೊಂಚಿ ಕುಳಿತು ಸಮಯ ಸಿಕ್ಕಾಗ ಪರದೆಗೆ ಬರುತ್ತವೆ. ನಾಲ್ಕು ಬಾವುಟಗಳ ಬದಲು ಒಂದೇ ಕಂಬ ನೆಟ್ಟು, ಅದಕ್ಕೆ ಈ ನಾಲ್ಕರಲ್ಲಿ ಯಾವುದೋ ಒಂದೇ ಹಲಗೆಯನ್ನು ತೂಗುಹಾಕಿದರೆ ಅಸಂಬದ್ಧ ಮುಖಗಳಿಗೆ ಹುಟ್ಟುವ ಅವಕಾಶವೇ ಇಲ್ಲ. ಇಸ್ರೇಲಿನ ಡೇವಿಡ್ ಹರೇಲ್ ಎಂಬ ಗಣಿತಜ್ಞರು ವಿಮಾನದೊಳಗಿನ ಯಂತ್ರವ್ಯವಸ್ಥೆಯನ್ನು ವರ್ಣಿಸಲು ಎಂಜಿನಿಯರುಗಳು ಪಡುತ್ತಿದ್ದ ಕಷ್ಟವನ್ನು ನೋಡಿ, ಇಂಥ ಸ್ಥಿತಿಗಳನ್ನೂ ಅವುಗಳ ನಡುವಿನ ದಾರಿಗಳನ್ನೂ ಚಿತ್ರವಾಗಿ ಬರೆಯುವ ಪದ್ಧತಿಯೊಂದನ್ನು 1987ರಲ್ಲಿ ಪ್ರಕಟಿಸಿದ್ದರು. ವಿಮಾನಕ್ಕಾಗಿ ಹುಟ್ಟಿದ ಆ ವಿದ್ಯೆ ಮೂರು ದಶಕಗಳ ಮೇಲೆ ಫೀಜು ಕಟ್ಟುವ ಪುಟಕ್ಕೂ ಒದಗಿಬಂತು.

ಇನ್ನೊಂದು ಸಂಗತಿಯನ್ನು ಪ್ರೋಗ್ರಾಮರುಗಳು ತಡವಾಗಿ ಗುರುತಿಸಿದರು. ಪುಟದಲ್ಲಿರುವ ನೆನಪುಗಳಲ್ಲಿ ಬಹುಪಾಲು ಪುಟದವೇ ಅಲ್ಲ. ಸಂದೇಶಗಳ ಪಟ್ಟಿ, ಬ್ಯಾಂಕಿನ ಬಾಕಿ, ರೈಲಿನಲ್ಲಿ ಉಳಿದ ಸೀಟು—ಇವೆಲ್ಲ ದೂರದ ಸರ್ವರಿನ ಸ್ವತ್ತು. ಪುಟದ ಕೈಯಲ್ಲಿರುವುದು ಎರವಲು ಪ್ರತಿ. ತಂದ ಗಳಿಗೆಯಿಂದಲೇ ಅದು ಹಳತಾಗತೊಡಗುತ್ತದೆ. ಸಂದೇಶವನ್ನು ಕೈಯಲ್ಲಿರುವ ಫೋನಿನಲ್ಲಿ ಓದಿ ಮುಗಿಸಿದರೂ ಮೇಜಿನ ಮೇಲಿನ ಕಂಪ್ಯೂಟರಿಗೆ ಅದು ಹೇಗೆ ಗೊತ್ತು? ಎರವಲನ್ನು ಸ್ವಂತ ಆಸ್ತಿಯೆಂದು ಉಗ್ರಾಣದಲ್ಲಿಟ್ಟು ಬೀಗ ಹಾಕಿದವರು ಅದನ್ನು ತಾಜಾ ಇಡುವುದಕ್ಕೆ ಪಡಬಾರದ ಪಾಡುಪಟ್ಟರು. 2019ರಲ್ಲಿ ಟ್ಯಾನರ್ ಲಿನ್ಸ್ಲಿ ಎಂಬವರು ಹೊರತಂದ 'ರಿಯಾಕ್ಟ್ ಕ್ವೆರಿ'ಯೂ ಅದರ ಜಾತಿಯ ಇತರ ಸಾಧನಗಳೂ ಈ ಎರವಲುಗಳಿಗೆ ಹಾಲು ಮೊಸರುಗಳಿಗೆ ಇರುವಂತೆ ಒಂದು ಅವಧಿಯನ್ನು ನಿಗದಿಮಾಡಿದವು. ಅವಧಿ ಮೀರಿದರೆ ಮತ್ತೆ ಹೋಗಿ ಕೇಳಿಬರುವುದು ಅವುಗಳ ಕೆಲಸ. ಹೀಗೆ ಎರವಲು ವಸ್ತುಗಳನ್ನು ಹೊರಗೆ ಸಾಗಿಸಿದ ಮೇಲೆ ಅನೇಕ ಪುಟಗಳ ಉಗ್ರಾಣದಲ್ಲಿ ಮಿಕ್ಕಿದ್ದು ಒಂದು ಮುಷ್ಟಿಯಷ್ಟು. ಅಷ್ಟಕ್ಕಾಗಿ ಉಗ್ರಾಣವನ್ನು ಕಟ್ಟಿದ್ದೇಕೆಂದು ಕಟ್ಟಿದವರೇ ತಲೆ ಕೆರೆದುಕೊಂಡರು.

ಇಷ್ಟೆಲ್ಲ ಪ್ರಯಾಸಪಟ್ಟು ಕಂಡುಕೊಂಡದ್ದು ಹೊಸದೇ? ಅಲ್ಲ. ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ದತ್ತಾಂಶಗಳ ಭಂಡಾರವನ್ನು ಹೇಗೆ ಜೋಡಿಸಬೇಕೆಂದು ತೋರಿಸಿ, ಪುನರುಕ್ತಿಯಿಂದಾಗುವ ಅನರ್ಥಗಳನ್ನು ಚರ್ಚಿಸಿದ್ದರು. ಅವರ ದಾರಿಯಲ್ಲಿ ನಡೆದವರು ಒಂದು ಸಂಗತಿಗೆ ಒಂದೇ ನೆಲೆ ಎಂಬುದನ್ನು ವ್ರತದಂತೆ ಪಾಲಿಸಿಕೊಂಡು ಬಂದಿದ್ದರು. ಭಂಡಾರದವರು ಹಿತ್ತಲಿನಲ್ಲಿ, ಪುಟದವರು ಮುಂಬಾಗಿಲಿನಲ್ಲಿ. ನಡುವೆ ಮಾತುಕತೆ ಕಡಿಮೆ. ಹಿತ್ತಲಿನವರು ಕಲಿತ ಪಾಠವನ್ನು ಮುಂಬಾಗಿಲಿನವರು ನಾಲ್ಕು ದಶಕಗಳ ಬಳಿಕ ತಾವಾಗಿ ಎಡವಿಬಿದ್ದು ಕಲಿತರು.

ಲೆಕ್ಕದ ಹಾಳೆಯ ಕಡೆಗೆ

ಈಚಿನ ವರ್ಷಗಳಲ್ಲಿ ಇನ್ನೂ ಹಳೆಯದೊಂದು ಉಪಾಯಕ್ಕೆ ಮರ್ಯಾದೆ ಬಂದಿದೆ. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ 'ವಿಸಿಕ್ಯಾಲ್ಕ್' ಎಂಬ ಲೆಕ್ಕದ ಹಾಳೆಯನ್ನು ಹೊರತಂದರು. ಇಂದು ಆಫೀಸುಗಳಲ್ಲೆಲ್ಲ ಬಳಕೆಯಲ್ಲಿರುವ ಎಕ್ಸೆಲ್ ಹಾಳೆಗಳಿಗೆ ಅದೇ ಅಜ್ಜ. ಅಲ್ಲಿ ಒಂದು ಮನೆಯಲ್ಲಿ ಅಕ್ಕಿಯ ಬೆಲೆ, ಇನ್ನೊಂದರಲ್ಲಿ ಬೇಳೆಯ ಬೆಲೆ ಬರೆದು, ಮೂರನೆಯದರಲ್ಲಿ 'ಇವೆರಡರ ಮೊತ್ತ' ಎಂದು ಸೂತ್ರ ಬರೆದರಾಯಿತು. ಅಕ್ಕಿಯ ಬೆಲೆ ಏರಿದರೆ ಮೊತ್ತ ತಾನಾಗಿ ಏರುತ್ತದೆ. ಸಂಬಂಧವಿಲ್ಲದ ಮನೆಗಳು ಅಲುಗುವುದೂ ಇಲ್ಲ. ಅರ್ಜಿಯಿಲ್ಲ, ಕಾವಲುಗಾರನಿಲ್ಲ. ಕಂಪ್ಯೂಟರ್ ಶಾಸ್ತ್ರದ ಗಂಧವೇ ಇಲ್ಲದ ಗುಮಾಸ್ತರು ದಶಕಗಳಿಂದ ಈ ವಿದ್ಯೆಯನ್ನು ಬಳಸಿಕೊಂಡು ಬಂದಿದ್ದಾರೆ.

2010ರಲ್ಲಿ ಸ್ಟೀವ್ ಸ್ಯಾಂಡರ್ಸನ್ ರಚಿಸಿದ 'ನಾಕ್‌ಔಟ್' ಎಂಬ ಸಾಧನ ವೆಬ್ ಪುಟದಲ್ಲಿ ಈ ಕ್ರಮವನ್ನು ತಂದಿತ್ತು. ರಿಯಾಕ್ಟಿನ ಭರಾಟೆಯಲ್ಲಿ ಅದು ಮೂಲೆಗುಂಪಾಯಿತು. ಅದರ ತತ್ತ್ವ ಮಾತ್ರ ಬದುಕಿ, ಈವನ್ ಯೂ ಅವರ 'ವ್ಯೂ', ರಯಾನ್ ಕಾರ್ನಿಯಾಟೊ ಅವರ 'ಸಾಲಿಡ್', ರಿಚ್ ಹ್ಯಾರಿಸ್ ಅವರ 'ಸ್ವೆಲ್ಟ್' ಮುಂತಾದವುಗಳಲ್ಲಿ ಬೇರೆಬೇರೆ ರೂಪ ತಾಳಿತು. 'ಸಿಗ್ನಲ್' ಎಂಬುದು ಅದರ ಇಂದಿನ ಹೆಸರು. ಒಂದೊಂದು ಸಂಗತಿಯೂ ತನ್ನನ್ನು ಓದುವವರು ಯಾರೆಂಬುದನ್ನು ತಾನೇ ಬಲ್ಲದು. ತಾನು ಬದಲಾದರೆ ಅವರನ್ನಷ್ಟೇ ಕರೆದು ಹೇಳುತ್ತದೆ. ರಿಯಾಕ್ಟಿನ ಪಕ್ಷದವರು ಇದನ್ನು ಒಪ್ಪಿಲ್ಲ. ಪರದೆಯನ್ನು ಪೂರ್ತಿ ಲೆಕ್ಕ ಹಾಕುವುದೇ ಮನುಷ್ಯನ ಬುದ್ಧಿಗೆ ಸುಲಭವೆಂದೂ, ವೇಗದ ಚಿಂತೆಯನ್ನು ಯಂತ್ರಕ್ಕೆ ಬಿಡಬೇಕೆಂದೂ ಅವರ ವಾದ. ಎರಡು ಪಂಥಗಳ ಜಗಳ ದ್ವೈತ ಅದ್ವೈತಗಳ ಜಗಳದಷ್ಟು ಹಳೆಯದಲ್ಲದಿದ್ದರೂ ಬಿಸಿ ಅಷ್ಟೇ ಇದೆ. ಆದರೆ ಬುಟ್ಟಿಯ ಮೊತ್ತವನ್ನು ಬೇರೆಯಾಗಿ ಬರೆದಿಡಬೇಕೆಂದು ಎರಡು ಪಕ್ಷದವರೂ ಹೇಳುವುದಿಲ್ಲ.

ವೆಬ್ ಪುಟಗಳ ಭಾಷೆಯಾದ ಜಾವಾಸ್ಕ್ರಿಪ್ಟಿನ ವ್ಯಾಕರಣವನ್ನು ನಿರ್ಣಯಿಸುವ ಸಮಿತಿಯ ಮುಂದೆ, ಸಿಗ್ನಲನ್ನು ಆ ಭಾಷೆಯೊಳಗೇ ಸೇರಿಸಬೇಕೆಂಬ ಪ್ರಸ್ತಾಪವೊಂದು ಬಂದು, 2024ರ ಏಪ್ರಿಲ್‌ನಲ್ಲಿ ಮೊದಲನೆಯ ಹಂತಕ್ಕೆ ಅಂಗೀಕೃತವಾಯಿತು. ಆ ಸಮಿತಿಯ ನಿಯಮದಂತೆ ಪ್ರಸ್ತಾಪವೊಂದು ಭಾಷೆಯ ಭಾಗವಾಗಬೇಕಾದರೆ ನಾಲ್ಕನೆಯ ಹಂತವನ್ನು ತಲುಪಬೇಕು. ಹಲವು ಸಾಧನಗಳ ಪ್ರತಿನಿಧಿಗಳು ಅದರ ಕರಡನ್ನು ಒಂದೇ ಮೇಜಿನ ಸುತ್ತ ಕುಳಿತು ತಿದ್ದಿದವರು; ಆಂಗ್ಯುಲರ್, ವ್ಯೂ, ಸಾಲಿಡ್, ಸ್ವೆಲ್ಟ್ ಮುಂತಾದ ಸಾಧನಗಳ ಕಡೆಯವರ ಸಲಹೆಗಳೆಲ್ಲ ಅದರಲ್ಲಿ ಸೇರಿವೆ.